ಮೂತಿಹುಳುಗಳನ್ನು ಅವುಗಳ ಮರಿಹುಳು ಮತ್ತು ಕೋಶಗಳಿಂದ ಗುರುತಿಸುವ ಕ್ರಮ

ತೆಂಗಿನ ಮರವೊಂದರ ಸುಳಿ ಬಾಡಿ ವಾಲಿದಾಗ ಮರವನ್ನು ಕಡಿದು ಸೀಳಿದರೆ ಒಳಗೆ ಹೆಬ್ಬೆರಳು ಗಾತ್ರದ ಬಿಳಿಯ ಹುಳುಗಳು ಕಾಣಸಿಗುವುವು. ಗೊಬ್ಬರದ ಗುಂಡಿಯನ್ನು ಕೆದಕಿದರೂ ಬಿಳಿಯ ಹುಳುವೇ ಸಿಕ್ಕುವುದು. ಕೊಳೆತ ಬಾಳೆಯನ್ನು ಸೀಳಿದರೂ, ಗೇರುಮರದ ಬುಡದ ತೊಗಟೆಯನ್ನು ಎಬ್ಬಿಸಿದರೂ ಬಿಳಿಯ ಹುಳುವೇ. ಮೂಡುಬಿದಿರೆಯ ಸಮೀಪದ ತೋಡಾರು ಮೊದಲಾದ ಗ್ರಾಮಗಳಲ್ಲಿ ಒಂದೇ ಹಿಡುವಳಿಯೊಳಗೆ ಬೈಲಿನಲ್ಲಿ ಭತ್ತವೂ, ತೋಟದಲ್ಲಿ ತೆಂಗು, ಕಂಗು, ಬಾಳೆಗಳೂ, ಮನೆಯ ಹಿತ್ತಿಲಲ್ಲಿ ಮಾವೂ, ಗುಡ್ಡದಲ್ಲಿ ಗೇರೂ ಇರುವುದು ವಾಡಿಕೆ. ಆದುದರಿಂದ ಈ ಹುಳುಗಳೆಲ್ಲವೂ ಒಬ್ಬನೇ ರೈತನ ಕಣ್ಣಿಗೆ ಬೀಳುವುವು. ಅವೆಲ್ಲವೂ ಒಂದೇ ಜಾತಿಯವೆಂದು ಅವನು ತಿಳಿಯುವುದೂ ಸಹಜವೇ.

ಈ ತಪ್ಪು ತಿಳಿವಳಿಕೆಯಿಂದಾಗುವ ನಷ್ಟವು ಅಲ್ಪವಾದುದಲ್ಲ. ಗೊಬ್ಬರದ ಗುಂಡಿಯ ಹುಳುವೇ ತೆಂಗನ್ನು ಕೊಂದಿತೆಂದು ನಂಬಿದ ರೈತನು ಗುಂಡಿಯನ್ನು ಬರಿದು ಮಾಡಿಸಿ, ಕಡಿದ ಕಾಂಡವನ್ನು ತೋಟದ ಅಂಚಿನಲ್ಲಿ ಹಾಗೆಯೇ ಬಿಟ್ಟನೆಂದು ಎಣಿಸಿಕೊಳ್ಳಬಹುದು. ಮರವನ್ನು ಕೊಂದ ಹುಳುವು ಆ ಕಾಂಡದೊಳಗೇ ಇರುತ್ತದೆ. ಕೆಲವು ವಾರಗಳಲ್ಲಿ ಅದು ರೆಕ್ಕೆ ಬಂದು ಹೊರಬಿದ್ದು, ಅವನ ಮತ್ತು ನೆರೆಯವನ ಎಳೆಯ ಮರಗಳನ್ನು ಹುಡುಕಿಕೊಂಡು ಹೋಗುವುದು. ರೆಕ್ಕೆ ಬಂದ ಹುಳುವನ್ನು ಗುರುತಿಸುವುದು ಸುಲಭ, ಏಕೆಂದರೆ ಅದರ ಮುಖವು ಆನೆಯ ಸೊಂಡಿಲಿನಂತೆ ಮುಂದಕ್ಕೆ ಚಾಚಿಕೊಂಡಿರುವುದು. ಮೂತಿಹುಳು ಎಂಬ ಹೆಸರು ಬಂದುದೂ ಅದರಿಂದಲೇ. ಆದರೆ ರೆಕ್ಕೆಯ ಹುಳುವು ಹೆಚ್ಚಾಗಿ ರಾತ್ರಿ ಸಂಚರಿಸಿ ಹಗಲು ಅಡಗಿರುವುದರಿಂದ ರೈತನ ಕೈಗೆ ಸಿಕ್ಕುವುದು ಮರಿಹುಳು, ಇಲ್ಲವೇ ಕೋಶ. ಅವನ್ನು ಕಂಡ ಕೂಡಲೇ ಇಂಥದೆಂದು ಹೇಳಬಲ್ಲವನಿಗೆ ಅರ್ಧ ಕೆಲಸ ಮುಗಿದಂತೆ.

ಇಲ್ಲಿ ಕೋಶವೆಂದರೆ ಮರಿಹುಳುವು ತಿನ್ನುವುದನ್ನು ನಿಲ್ಲಿಸಿ, ಚಲನೆಯಿಲ್ಲದೆ ಮಲಗಿ, ರೆಕ್ಕೆಯ ಹುಳುವಾಗಿ ಮಾರ್ಪಡುವ ಅವಸ್ಥೆ. ಅದನ್ನು ಸುತ್ತುವರಿದಿರುವ ನಾರಿನ ಅಥವಾ ಮಣ್ಣಿನ ಹೊದಿಕೆಯು ಗೂಡು. ರೇಷ್ಮೆ ಸಾಕುವವರಿಗೆ ಈ ವ್ಯತ್ಯಾಸವು ತಿಳಿದೇ ಇದೆ.

ಮೊದಲು ಕಾಲುಗಳನ್ನು ನೋಡತಕ್ಕದ್ದು

ಮೂತಿಹುಳುವಿನ ಮರಿಗೆ ಕಾಲುಗಳಿಲ್ಲ. ಇದು ಎಲ್ಲಕ್ಕಿಂತ ಮುಖ್ಯವಾದ ಗುರುತು. ಹುಳುವನ್ನು ಅಂಗೈಯ ಮೇಲೆ ಬೆನ್ನಡಿಯಾಗಿ ಮಲಗಿಸಿ, ತಲೆಯ ಹಿಂದಿನ ಎದೆಯ ಭಾಗವನ್ನು ಬೆಳಕಿನಲ್ಲಿ ನೋಡಬೇಕು. ಅಲ್ಲಿ ಮೂರು ಜೊತೆ ಕಾಲುಗಳು ಸ್ಪಷ್ಟವಾಗಿ ಕಂಡರೆ ಅದು ಮೂತಿಹುಳುವಲ್ಲ. ಗೊಬ್ಬರದ ಗುಂಡಿಯ ಹುಳುವಿಗೆ ಈ ಕಾಲುಗಳಿರುವುವು. ಅದು ಕುರುವಾಯಿ ದುಂಬಿಯ ಮರಿ. ಕಂಗಿನ ಬೇರನ್ನು ತಿನ್ನುವ ಬೇರುಹುಳುವಿಗೂ ಕಾಲುಗಳಿರುವುವು. ಇವೆರಡೂ ಮೂತಿಹುಳುವಿನ ಮರಿಯಂತೆಯೇ ಬಿಳುಪಾಗಿ, ಕೊಡಲಿಯ ಬಾಯಂತೆ ಬಾಗಿರುವುದರಿಂದ ಜನರು ಮೋಸಹೋಗುವರು.

ಕಾಲಿಲ್ಲದ ಹುಳುಗಳೆಲ್ಲವೂ ಮೂತಿಹುಳುಗಳೆಂದು ಹೇಳಲಾಗದು. ನೊಣಗಳ ಮರಿಗೂ ಕಾಲಿಲ್ಲ. ಆದರೆ ಅದಕ್ಕೆ ಎದ್ದು ಕಾಣುವ ತಲೆಯೂ ಇರುವುದಿಲ್ಲ, ಮುಂದಿನ ತುದಿಯು ಚೂಪಾಗಿರುವುದು. ಮೂತಿಹುಳುವಿನ ಮರಿಗೆ ಕಂದು ಬಣ್ಣದ ಗಟ್ಟಿಯಾದ ದುಂಡು ತಲೆಯೂ, ಬಲವಾದ ದವಡೆಗಳೂ ಇರುವುವು. ಮೈಯು ಕೊಬ್ಬಿದಂತೆ ಮೆತ್ತಗೆ, ಮಡಿಕೆ ಮಡಿಕೆಯಾಗಿರುವುದು. ಗೇರಿನ ಬುಡವನ್ನು ಕೊರೆಯುವ ಹುಳುವಿನ ಕಾಲುಗಳು ಬರಿಗಣ್ಣಿಗೆ ಕಾಣದಷ್ಟು ಕಿರಿದಾದುವು. ಆದರೆ ಆ ಹುಳುವು ಬಾಗದೆ ನೆಟ್ಟಗಿರುವುದು, ಎದೆಯು ಅಗಲವಾಗಿ ತಲೆಯು ಅದರೊಳಗೆ ಹುದುಗಿರುವುದು. ಅದು ಉದ್ದ ಮೀಸೆಯ ದುಂಬಿಯ ಮರಿ.

ಸಂದೇಹವು ಉಳಿದಲ್ಲಿ ಕೋಶವನ್ನು ಹುಡುಕಬೇಕು. ಮೂತಿಹುಳುವಿನ ಕೋಶವು ಬೆಳ್ಳಗೆ, ಮೆತ್ತಗೆ ಇದ್ದು, ರೆಕ್ಕೆ ಕಾಲುಗಳು ಮೈಗೆ ಅಂಟಿಕೊಳ್ಳದೆ ಬಿಡಿಯಾಗಿ ಮಡಿಚಿಕೊಂಡಿರುವುವು. ತಲೆಯಿಂದ ಇಳಿದ ಸೊಂಡಿಲು ಎದೆಯ ಮೇಲೆ, ಕಾಲುಗಳ ನಡುವೆ ಚಾಚಿ ಮಲಗಿರುವುದು. ಇದನ್ನು ಒಮ್ಮೆ ಕಂಡವರು ಮರೆಯಲಾರರು. ಕುರುವಾಯಿಯ ಕೋಶದಲ್ಲಿ ಇಂಥ ಸೊಂಡಿಲಿಲ್ಲ. ತಲೆಯ ಮೇಲೆ ಕೊಂಬು ಮೂಡಿರುವುದು ಕಾಣಬಹುದು. ಗೇರಿನ ಕೊರಕವು ಸುಣ್ಣದಂಥ ಗಟ್ಟಿ ಚಿಪ್ಪಿನೊಳಗೆ ಕೋಶವಾಗುವುದು, ಅದರ ಉದ್ದ ಮೀಸೆಗಳು ಮೈಯ ಮೇಲೆ ಬಳಸಿಕೊಂಡಿರುವುವು. ಸೊಂಡಿಲೊಂದನ್ನು ಬಿಟ್ಟು ಮಿಕ್ಕೆಲ್ಲ ಗುರುತುಗಳಲ್ಲಿಯೂ ಮೂತಿಹುಳುವನ್ನು ಹೋಲುವ ಬಂಧುಗಳೂ ಉಂಟು. ಮರದ ತೊಗಟೆಯನ್ನು ಕೊರೆಯುವ ಕಿರುದುಂಬಿಗಳೂ, 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡು ಕೊಡಗಿನ ತೋಟಗಳಿಗೂ ಹಬ್ಬಿದ ಕಾಫಿಯ ಕಾಯಿಕೊರಕವೂ ಆ ಬಗೆಯವು. ಅವುಗಳ ಮರಿಯನ್ನು ನೋಡಿ ಬೇರ್ಪಡಿಸುವುದು ಪಂಡಿತರಿಗೂ ಕಷ್ಟ. ಕೋಶದಲ್ಲಿ ಸೊಂಡಿಲಿಲ್ಲದಿರುವುದೇ ಗುರುತು.

ಪ್ರಪಂಚದಲ್ಲಿ ಮೂತಿಹುಳುಗಳ ಕುಲದಲ್ಲಿ 60,000ಕ್ಕೂ ಮಿಕ್ಕ ಜಾತಿಗಳಿಗೆ ಹೆಸರಿಡಲಾಗಿದೆ. ಆದರೆ ಹೆಸರಿಟ್ಟುದು ಹೆಚ್ಚಾಗಿ ರೆಕ್ಕೆಯ ಹುಳುಗಳನ್ನು ನೋಡಿ. ಭಾರತದ ಮೂತಿಹುಳುಗಳನ್ನು ಕುರಿತ ಗೈ ಮಾರ್ಷಲ್ಲರ ಗ್ರಂಥವು 1916ರಲ್ಲಿ ಹೊರಬಂದಿತು. ಅವುಗಳ ಮರಿಗಳನ್ನು ಕ್ರಮವಾಗಿ ವರ್ಣಿಸುವ ಕಾರ್ಯವು ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಜೆ. ಸಿ. ಎಂ. ಗಾರ್ಡ್ನರರಿಂದ 1930ರ ದಶಕದಲ್ಲಿ ನಡೆಯಿತು. ದವಡೆಯ ಹಲ್ಲು, ತುಟಿಯ ರೋಮ, ಉಸಿರುರಂಧ್ರಗಳ ಆಕಾರ ಇವುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ ಜಾತಿಯನ್ನು ನಿರ್ಣಯಿಸುವುದು ಪಂಡಿತರ ಕ್ರಮ. ರೈತನಿಗೆ ಅಷ್ಟು ಬೇಕಿಲ್ಲ. ಯಾವ ಗಿಡದ ಯಾವ ಭಾಗದಲ್ಲಿ ಸಿಕ್ಕಿತು, ಮೈಯ ಆಕಾರವೇನು, ಕೋಶಕ್ಕೆ ಗೂಡುಂಟೋ ಇಲ್ಲವೋ ಎಂಬ ಮೂರು ಪ್ರಶ್ನೆಗಳಿಂದಲೇ ಅವನ ಹಿಡುವಳಿಯಲ್ಲಿ ದೊರೆಯುವ ಗುಂಪುಗಳನ್ನು ಬೇರ್ಪಡಿಸಬಹುದು.

ತೆಂಗಿನ ಕೆಂಪು ಮೂತಿಹುಳು

ಇದರ ಮರಿಯು ಪೂರ್ಣವಾಗಿ ಬೆಳೆದಾಗ ಸುಮಾರು 2 ಅಂಗುಲ ಉದ್ದವಿರುವುದು. ಮೈಯು ನಡುವಿನಲ್ಲಿ ಉಬ್ಬಿ ಎರಡು ತುದಿಗಳತ್ತ ಸಣ್ಣದಾಗುವುದು; ಬಾಲದ ತುದಿಯು ಚಪ್ಪಟೆಯಾಗಿ, ಅಂಚಿನಲ್ಲಿ ಬಿರುಸಾದ ರೋಮಗಳಿರುವುವು. ಕೈಯಲ್ಲಿ ಹಿಡಿದರೆ ಗಟ್ಟಿ ತಲೆಯನ್ನು ಆಡಿಸುತ್ತ ಕಚ್ಚಲು ನೋಡುವುದು. ಇದೇ ಆಕಾರದ, ಆದರೆ ಗಾತ್ರದಲ್ಲಿ ಕಿರಿದಾದ ಮರಿಗಳು ಬಾಳೆಯಲ್ಲಿಯೂ ದೊರೆಯುವುವು. ಇವೆಲ್ಲವೂ ಒಂದೇ ಗುಂಪಿಗೆ ಸೇರಿದುವು. ನಡುವುಬ್ಬಿದ ಮೈ, ಚಪ್ಪಟೆ ಬಾಲ, ಬಾಲದ ಬಳಿಯ ದೊಡ್ಡ ಉಸಿರುರಂಧ್ರಗಳು ಈ ಗುಂಪಿನ ಲಕ್ಷಣ.

ಈ ಹುಳುವಿನ ಕೋಶವು ನಾರಿನ ಗೂಡಿನೊಳಗಿರುವುದು. ಬೆಳೆದ ಮರಿಯು ಕಾಂಡದ ಹೊರಮೈಯ ಕಡೆಗೆ, ಅಥವಾ ಮಡಲಿನ ಬುಡಕ್ಕೆ ಸರಿದು, ಮರದ ನಾರನ್ನೇ ತನ್ನ ಸುತ್ತ ಹಗ್ಗ ಹೊಸೆದಂತೆ ಬಿಗಿಯಾಗಿ ಸುತ್ತಿಕೊಳ್ಳುವುದು. 2ರಿಂದ 3 ಅಂಗುಲ ಉದ್ದದ ಈ ಗೂಡು ಒಣಗಿದ ನಾರಿನ ಉಂಡೆಯಂತೆ ಕಾಣುವುದರಿಂದ ಕಡಿದ ಮರದ ಕಸದೊಡನೆ ಯಾರ ಗಮನಕ್ಕೂ ಬಾರದೆ ಉಳಿಯುವುದು. ಕೋಶವು ಎರಡು ಮೂರು ವಾರಗಳಲ್ಲಿ ಕೆಂಪು ಕಂದು ಬಣ್ಣದ, ಸುಮಾರು ಒಂದೂವರೆ ಅಂಗುಲದ ರೆಕ್ಕೆಯ ಹುಳುವಾಗುವುದು. ಗಂಡಿನ ಸೊಂಡಿಲಿನ ಮೇಲೆ ರೋಮದ ಕುಚ್ಚು ಇರುವುದು, ಹೆಣ್ಣಿಗಿಲ್ಲ. ಹೆಣ್ಣು 200ರಿಂದ 300ರವರೆಗೆ ಮೊಟ್ಟೆಗಳನ್ನಿಡುವುದು.

ಇಲ್ಲಿ ಕುರುವಾಯಿಗೂ ಕೆಂಪು ಮೂತಿಹುಳುವಿಗೂ ಇರುವ ಭೇದವನ್ನು ಚೆನ್ನಾಗಿ ಮನಸ್ಸಿನಲ್ಲಿಡಬೇಕು. ಕುರುವಾಯಿಯಲ್ಲಿ ಮರಕ್ಕೆ ಕೇಡು ಮಾಡುವುದು ರೆಕ್ಕೆಯ ದುಂಬಿ. ಅದರ ಮರಿಯು ಗೊಬ್ಬರದಲ್ಲಿ, ಕೊಳೆತ ಕಸದಲ್ಲಿ ಬೆಳೆಯುವುದೇ ಹೊರತು ಬದುಕಿರುವ ಮರವನ್ನು ಮುಟ್ಟುವುದಿಲ್ಲ. ಕೆಂಪು ಮೂತಿಹುಳುವಿನಲ್ಲಿ ಇದಕ್ಕೆ ತಿರುಗುಮುರುಗು: ಮರವನ್ನು ಕೊಲ್ಲುವುದು ಮರಿ. ಆದರೂ ಇವೆರಡಕ್ಕೂ ನಂಟುಂಟು. ಕುರುವಾಯಿಯು ಸುಳಿಯನ್ನು ಕೊರೆದು ಮಾಡಿದ ಗಾಯದಲ್ಲಿಯೇ ಮೂತಿಹುಳುವು ಬಂದು ಮೊಟ್ಟೆಯಿಡುವುದು. ಹಸಿರು ಮಡಲನ್ನು ಕಾಂಡಕ್ಕೆ ಒತ್ತಿ ಕಡಿದ ಗಾಯವೂ, ಏರುವುದಕ್ಕೆಂದು ಕಾಂಡದಲ್ಲಿ ಕೊರೆದ ಮೆಟ್ಟಿಲೂ ಅದಕ್ಕೆ ಅಷ್ಟೇ ಅನುಕೂಲ. ಆದುದರಿಂದ ಹಸಿರು ಮಡಲನ್ನು ಕಡಿಯಲೇಬೇಕಾದಾಗ ಬುಡದಿಂದ 4 ಅಡಿಯಷ್ಟು ಬಿಟ್ಟು ಕಡಿಯುವುದು ಯೋಗ್ಯ. ಗುಂಡಿಯ ಮರಿಗಳನ್ನು ಹೆಕ್ಕಿ ಕೊಲ್ಲುವುದು ವ್ಯರ್ಥವಲ್ಲ; ಅದೊಂದನ್ನೇ ಮಾಡಿ ಕೈಕಟ್ಟಿ ಕುಳಿತರೆ ವ್ಯರ್ಥ.

5ರಿಂದ 20 ವರ್ಷದ ಮರಗಳಿಗೆ ಈ ಹುಳುವಿನ ಬಾಧೆ ಹೆಚ್ಚು. ಕಾಂಡದ ತೂತಿನಿಂದ ಕಂದು ರಸ ಸುರಿಯುವುದು, ಅಗಿದ ನಾರು ಹೊರಬೀಳುವುದು, ಕಿವಿಗೊಟ್ಟು ಆಲಿಸಿದರೆ ಒಳಗೆ ಕರಕರ ಶಬ್ದ ಕೇಳುವುದು ಇವು ಲಕ್ಷಣಗಳು. ಸುಳಿಯು ವಾಲಿದ ಮೇಲೆ ಆ ಮರವು ಉಳಿಯುವುದು ದುರ್ಲಭ. ಆಗ ಉಳಿಸಬೇಕಾದುದು ನೆರೆಯ ಮರಗಳನ್ನು. ಸತ್ತ ಮರವನ್ನು ಕೂಡಲೇ ಕಡಿದು, ಕಾಂಡವನ್ನು ತುದಿಯಿಂದ ಬುಡದವರೆಗೆ ಸೀಳಿ, ಮರಿಗಳನ್ನೂ ನಾರಿನ ಗೂಡುಗಳನ್ನೂ ಒಂದೂ ಬಿಡದೆ ಆಯ್ದು ಸುಡತಕ್ಕದ್ದು. ಒಡೆದ ಗೂಡುಗಳೇ ಹೆಚ್ಚಾಗಿ ಸಿಕ್ಕಿ ಒಳಗೆ ಕೋಶವಿಲ್ಲದಿದ್ದರೆ ಹುಳುಗಳು ಈಗಾಗಲೇ ಹಾರಿಹೋಗಿವೆಯೆಂದು ತಿಳಿದು, ಸುತ್ತಲಿನ ಎಳೆಯ ಮರಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಎಲ್ಲವೂ ಮರಿಗಳಾಗಿದ್ದು ಗೂಡೇ ಇಲ್ಲದಿದ್ದರೆ ಇನ್ನೂ ಕಾಲ ಮಿಂಚಿಲ್ಲ. ಮರಿ ಮತ್ತು ಗೂಡುಗಳನ್ನು ಓದಲು ಕಲಿತವನಿಗೆ ದೊರೆಯುವ ದೊಡ್ಡ ಪ್ರಯೋಜನವಿದು; ಸತ್ತ ಮರವೇ ಅವನಿಗೆ ಪಂಚಾಂಗವಾಗುವುದು.

ಗ್ರಾಮದ ಮುಖ್ಯಸ್ಥರು ಗಮನ ಕೊಡಬೇಕಾದ ಸ್ಥಳವೂ ಇದೇ. ಹುಳುವಿಗೆ ಬೇಲಿಯ ಗಡಿಯಿಲ್ಲ. ಒಬ್ಬನು ಬಿಟ್ಟ ಕಾಂಡದಿಂದ ಹತ್ತು ಮನೆಯ ತೋಟ ಕೆಡಬಹುದು. ದಕ್ಷಿಣ ಕನ್ನಡವು ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 1919ರಲ್ಲಿ, ಕೃಷಿಯ ಕೀಟ ಮತ್ತು ರೋಗಗಳ ಶಾಸನವೊಂದು ಜಾರಿಗೆ ಬಂದು, ಸರಕಾರವು ಗೊತ್ತುಪಡಿಸಿದ ಪ್ರದೇಶದಲ್ಲಿ ಕೀಟನಿವಾರಣೆಯ ಕ್ರಮಗಳನ್ನು ಭೂಮಿಯ ಅನುಭೋಗದಾರನು ಕೈಗೊಳ್ಳಲೇಬೇಕೆಂದು ವಿಧಿಸಲು ಅಧಿಕಾರವಿತ್ತಿತು. ಶಾಸನದ ಬಲಕ್ಕಿಂತ ಊರಿನ ಹಿರಿಯರ ಒಂದು ಮಾತು ಬೇಗ ನಡೆಯುವುದೆಂಬುದು ಅನುಭವಸಿದ್ಧ.

ಅಲಕ್ಷ್ಯದ ಫಲವೇನೆಂಬುದಕ್ಕೆ ದೂರದ ದೃಷ್ಟಾಂತವೂ ಉಂಟು. ನಮ್ಮ ನಾಡುಗಳದೇ ಆದ ಈ ಹುಳುವು 1980ರ ದಶಕದಲ್ಲಿ ಅರಬ್ ದೇಶಗಳನ್ನು ಸೇರಿ, ಮುಂದೆ ಮೆಡಿಟರೇನಿಯನ್ ಸಮುದ್ರದ ಸುತ್ತಣ ದೇಶಗಳವರೆಗೂ ಹಬ್ಬಿ, ಖರ್ಜೂರದ ತೋಟಗಳಿಗೆ ಮಾರಿಯಾಯಿತು. ಸಾಗಿಸಿದ ಗಿಡಗಳ ಬುಡದಲ್ಲಿ ಅಡಗಿದ್ದ ಮರಿ ಮತ್ತು ಗೂಡುಗಳೇ ಅದನ್ನು ಹೊತ್ತು ತಂದವು. ಗಂಡು ಹುಳುವು ಹೊರಸೂಸುವ ವಾಸನೆಯ ದ್ರವ್ಯವನ್ನು ಪಂಡಿತರು 1993ರಲ್ಲಿ ಗುರುತಿಸಿದ ಮೇಲೆ, ಅದನ್ನಿಟ್ಟ ಬಕೆಟ್ಟಿನ ಬೋನುಗಳು ಬಳಕೆಗೆ ಬಂದಿವೆ. ಬೋನಿಗೆ ಬೀಳುವುದು ರೆಕ್ಕೆಯ ಹುಳು ಮಾತ್ರ; ಕಾಂಡದೊಳಗಿನ ಮರಿಯನ್ನು ಅದು ಹೊರಗೆಳೆಯಲಾರದು.

ಬಾಳೆಯ ಎರಡು ಮೂತಿಹುಳುಗಳು

ಬಾಳೆಯಲ್ಲಿ ಎರಡು ಜಾತಿಗಳುಂಟು. ಒಂದು ದಿಂಡನ್ನು ಕೊರೆಯುವುದು, ಇನ್ನೊಂದು ಗೆಡ್ಡೆಯನ್ನು. ಎರಡರ ರೆಕ್ಕೆಯ ಹುಳುಗಳೂ ಅರ್ಧ ಅಂಗುಲದಷ್ಟಿದ್ದು ಕಪ್ಪಾಗಿರುವುವು. ಮರಿಗಳೂ ಒಂದನ್ನೊಂದು ಹೋಲುವುವು. ಸಿಕ್ಕಿದ ಸ್ಥಳದಿಂದ ಗುರುತಿಸಬಹುದೆಂದರೆ, ಬಾಧೆ ಬಲಿತ ಗಿಡದಲ್ಲಿ ದಿಂಡಿನ ಹುಳುವು ಬುಡದವರೆಗೆ ಇಳಿದಿರಬಹುದು, ಗೆಡ್ಡೆಯ ಹುಳುವು ಬುಡದಿಂದ ಮೇಲಕ್ಕೇರಿರಬಹುದು. ಇಲ್ಲಿ ಸಂಶಯ ಬಿಡಿಸುವುದು ಕೋಶ. ದಿಂಡಿನ ಹುಳುವು ತೆಂಗಿನ ಹುಳುವಿನಂತೆಯೇ ಬಾಳೆಯ ನಾರಿನಿಂದ ಗೂಡು ಸುತ್ತಿಕೊಂಡು, ದಿಂಡಿನ ಹೊರಪದರಗಳ ಬಳಿ ಮಲಗುವುದು. ಗೆಡ್ಡೆಯ ಹುಳುವು ಗೂಡು ಕಟ್ಟುವುದಿಲ್ಲ. ಗೆಡ್ಡೆಯಲ್ಲಿಯೇ ಮೊಟ್ಟೆಯಾಕಾರದ ಗುಳಿಯನ್ನು ಕೊರೆದು ಅದರಲ್ಲಿ ಬೆತ್ತಲೆ ಕೋಶವಾಗಿ ಮಲಗುವುದು. ನಾರಿನ ಗೂಡು ಸಿಕ್ಕಿದರೆ ದಿಂಡಿನದು, ಬೆತ್ತಲೆ ಕೋಶ ಸಿಕ್ಕಿದರೆ ಗೆಡ್ಡೆಯದು.

ಈ ಭೇದವು ಬರಿಯ ಕುತೂಹಲಕ್ಕಾಗಿ ಅಲ್ಲ. ಗೆಡ್ಡೆಯ ಹುಳುವು ಊರಿಂದೂರಿಗೆ ಹೋಗುವುದು ಕಂದುಗಳ ಮೂಲಕ. ಅದಾಗಿದ್ದರೆ ಆ ಹಿಂಡಿಲಿನಿಂದ ಕಂದನ್ನು ಕೀಳಲೇಬಾರದು. ಬೇರೆಡೆಯಿಂದ ತಂದ ಕಂದಿನ ಗೆಡ್ಡೆಯನ್ನೂ ಹೊರಸಿಪ್ಪೆ ಹೋಗುವಂತೆ ಕೆತ್ತಿ, ಕಪ್ಪು ಸುರಂಗಗಳಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ನೆಡಬೇಕು. ದಿಂಡಿನ ಹುಳುವಾಗಿದ್ದರೆ ಕಣ್ಣಿಡಬೇಕಾದುದು ನಿಂತ ಗಿಡಗಳ ಮೇಲೆ. ದಿಂಡಿನ ತೂತುಗಳಿಂದ ಅಂಟಾದ ಲೋಳೆರಸವು ಸುರಿಯುವುದು ಅದರ ಮೊದಲ ಸುಳಿವು. ಕೊನೆಗೆ ಗೊನೆ ಬಲಿಯುವ ಮೊದಲೇ ಗಿಡವು ಗಾಳಿಗೆ ಮುರಿದು ಬೀಳುವುದು. ನೇಂದ್ರ ಬಾಳೆಗೆ ಇದರ ಕಾಟ ವಿಶೇಷ. ಗೊನೆ ಕಡಿದ ಮೇಲೆ ದಿಂಡನ್ನು ತೋಟದಲ್ಲಿ ನಿಲ್ಲಿಸುವ ಅಭ್ಯಾಸವು ಎರಡು ಹುಳುಗಳಿಗೂ ಹಬ್ಬ. ಅದನ್ನು ಬುಡಸಹಿತ ತೆಗೆದು ಸಣ್ಣಗೆ ಕೊಚ್ಚಿ ಬಿಸಿಲಿಗೆ ಒಣಗಿಸಬೇಕು. ದಿಂಡನ್ನು ಉದ್ದುದ್ದ ಸೀಳಿ, ಸೀಳಿದ ಮುಖ ಕೆಳಗಾಗುವಂತೆ ಸಂಜೆ ತೋಟದಲ್ಲಿಟ್ಟರೆ ರಾತ್ರಿ ರೆಕ್ಕೆಯ ಹುಳುಗಳು ಅದರಡಿಯಲ್ಲಿ ಸೇರುವುವು. ಬೆಳಗ್ಗೆ ಎತ್ತಿ ಆಯ್ದು ಸೀಮೆ ಎಣ್ಣೆ ಬೆರೆಸಿದ ನೀರಿಗೆ ಹಾಕುವುದು ಮಕ್ಕಳಿಂದಲೂ ಆಗುವ ಕೆಲಸ.

ಮಾವು, ಗೆಣಸು, ಧಾನ್ಯ, ಮಣ್ಣು

ಮಾವಿನ ಗೊರಟಿನೊಳಗೆ ದೊರೆಯುವ ಮರಿಯು ದಪ್ಪಗೆ, ಒಂದೇ ಸಮನಾಗಿ ಬಾಗಿದ್ದು, ನಡುವುಬ್ಬು ಇಲ್ಲದ ಬೇರೊಂದು ಗುಂಪಿನದು. ಹೆಣ್ಣು ಹುಳುವು ಎಳೆಗಾಯಿಯ ಸಿಪ್ಪೆಯ ಮೇಲೆ ಮೊಟ್ಟೆಯಿಡುವುದು. ಮರಿಯು ತಿರುಳನ್ನು ದಾಟಿ ಗೊರಟನ್ನು ಸೇರಿದ ಮೇಲೆ ದಾರಿಯು ಮುಚ್ಚಿಹೋಗಿ, ಹಣ್ಣು ಹೊರಗೆ ನಿರ್ದೋಷವಾಗಿ ಕಾಣುವುದು. ಕೋಶವೂ ಗೊರಟಿನೊಳಗೇ. ಹಣ್ಣಿನ ತಿರುಳಿನಲ್ಲಿ ಮಿಸುಕಾಡುವ ತಲೆಯಿಲ್ಲದ ಹುಳುವು ಇದಲ್ಲ, ಅದು ಹಣ್ಣಿನ ನೊಣದ ಮರಿ. ಮಣ್ಣಿಗಿಳಿದು ಪೀಪಾಯಿಯಂಥ ಕಂದು ಕೋಶವಾಗುವುದು. ಎರಡಕ್ಕೂ ಬಿದ್ದ ಹಣ್ಣನ್ನು ಹೆಕ್ಕುವುದು ಲೇಸು, ಆದರೆ ಮೂತಿಹುಳುವಿಗೆ ತಿಂದೆಸೆದ ಗೊರಟುಗಳನ್ನೂ ಸೇರಿಸಿ ಸುಡಬೇಕು. ವರ್ಷಕ್ಕೆ ಒಂದೇ ಸಂತತಿ. ರೆಕ್ಕೆಯ ಹುಳುವು ಮುಂದಿನ ಹೂವಿನವರೆಗೆ ತೊಗಟೆಯ ಸಂದಿನಲ್ಲಿ ಅಡಗಿರುವುದು. ಅಮೆರಿಕ ದೇಶವು ಬಹುಕಾಲ ಭಾರತದ ಮಾವನ್ನು ಒಳಗೆ ಬಿಡದಿದ್ದುದಕ್ಕೆ ಈ ಹುಳುವೂ ಒಂದು ಕಾರಣ. 2007ರಲ್ಲಿ ಹಣ್ಣಿಗೆ ವಿಕಿರಣ ಸಂಸ್ಕಾರ ಮಾಡುವ ಏರ್ಪಾಡಾದ ಮೇಲೆಯೇ ಅಲ್ಲಿನ ಬಾಗಿಲು ತೆರೆಯಿತು.

ಸಿಹಿಗೆಣಸಿನ ಮರಿಯು ಸಣ್ಣದು, ಅಂಗುಲದ ಮೂರನೆಯ ಒಂದು ಪಾಲನ್ನು ಮೀರದು. ಮೈಯು ತೆಳ್ಳಗೆ, ಸ್ವಲ್ಪ ಮಾತ್ರ ಬಾಗಿರುವುದು. ಅದು ಗೆಡ್ಡೆಯಲ್ಲಿಯೂ ಬಳ್ಳಿಯ ಬುಡದಲ್ಲಿಯೂ ಸುರಂಗ ತೋಡಿ, ಅಲ್ಲಿಯೇ ಗೂಡಿಲ್ಲದೆ ಕೋಶವಾಗುವುದು. ರೆಕ್ಕೆಯ ಹುಳುವನ್ನು ಇರುವೆಯೆಂದು ಎಣಿಸುವವರೇ ಹೆಚ್ಚು. ಹುಳು ಹೊಕ್ಕ ಗೆಣಸು ಕಹಿಯಾಗಿ ದನಕ್ಕೂ ಆಗದು.

ಅಕ್ಕಿಯ ಮೂತಿಹುಳುವಿನ ಮರಿಯನ್ನು ಕಂಡವರು ವಿರಳ, ಏಕೆಂದರೆ ಅದು ಕಾಳಿನ ಹೊರಗೆ ಬರುವುದೇ ಇಲ್ಲ. ಬೆನ್ನುಬ್ಬಿದ ಕಿರುಮರಿಯು ಕಾಳಿನೊಳಗೇ ಬೆಳೆದು, ಅಲ್ಲಿಯೇ ಕೋಶವಾಗಿ, ಸುಮಾರು ಒಂದು ತಿಂಗಳಲ್ಲಿ ರೆಕ್ಕೆಯ ಹುಳುವಾಗಿ ತೂತು ಕೊರೆದು ಹೊರಬರುವುದು. ಗಾತ್ರದಲ್ಲಿ ಅಂಗುಲದ ಎಂಟನೆಯ ಒಂದು ಪಾಲಾದರೂ ಇದು ತೆಂಗಿನ ಕೆಂಪು ಹುಳುವಿನ ಗುಂಪಿಗೇ ಸೇರಿದುದು. ಮುಡಿಯಲ್ಲಿ ಅಥವಾ ಪತ್ತಾಯದಲ್ಲಿ ಸಂಶಯ ತೋರಿದರೆ ಹಿಡಿ ಕಾಳನ್ನು ತೆಗೆದು ಕೆಲವನ್ನು ಉಗುರಿನಿಂದ ಸೀಳಬೇಕು. ಬಿಳಿಯ ಬಿಡಿಗಾಲಿನ ಸೊಂಡಿಲ ಕೋಶ ಕಂಡರೆ ಮೂತಿಹುಳು. ಕಾಲು ರೆಕ್ಕೆಗಳು ಮೈಗಂಟಿದ ಕಂದು ಕೋಶವಾದರೆ ಭತ್ತದ ಪತಂಗ. ಉದ್ದು, ಹೆಸರುಗಳ ಕಾಳಿನ ಮೇಲೆ ಬಿಳಿಯ ಚುಕ್ಕೆಯಂತೆ ಮೊಟ್ಟೆ ಅಂಟಿದ್ದರೆ ಅದು ಬೇಳೆಕಾಳಿನ ದುಂಬಿ, ಅದಕ್ಕೆ ಸೊಂಡಿಲಿಲ್ಲ.

ಮಾವು ಗೇರುಗಳ ಎಲೆಯಂಚನ್ನು ಕಚ್ಚಿ ಕಚ್ಚಿ ತಿನ್ನುವ ಬೂದುಬಣ್ಣದ ಮೂತಿಹುಳುಗಳ ಮರಿಗಳು ಮಣ್ಣಿನಲ್ಲಿ ಬೇರುಗಳನ್ನು ತಿಂದು ಬದುಕುವುವು. ಇವು ಮೊಂಡು ಮೂತಿಯ ಗುಂಪಿನವು. ಕೋಶವು ಮಣ್ಣಿನ ಕಿರುಗುಳಿಯಲ್ಲಿರುವುದು. ಅದರ ಸೊಂಡಿಲು ಗಿಡ್ಡವಾಗಿ ಅಗಲವಾಗಿರುವುದು. ಈ ಗುಂಪಿನ ಹಲವು ಜಾತಿಗಳಲ್ಲಿ ಹೊಸದಾಗಿ ಹುಟ್ಟಿದ ರೆಕ್ಕೆಯ ಹುಳುವಿನ ದವಡೆಯ ಮೇಲೆ ಕೋರೆಯಂಥ ಕೊಂಬುಗಳಿದ್ದು, ಮಣ್ಣನ್ನು ಅಗೆದು ಹೊರಬಂದ ಮೇಲೆ ಅವು ಕಳಚಿ ಬೀಳುವುವು. ಬೇರುಹುಳುವೆಂದು ಭ್ರಮಿಸದಿರಲು ಮತ್ತೆ ಕಾಲುಗಳನ್ನೇ ನೋಡಬೇಕು.

ಸಾಕಿ ನೋಡುವುದು ಮತ್ತು ಕಳುಹಿಸುವುದು

ಇಷ್ಟಾದರೂ ನಿಶ್ಚಯವಾಗದಿದ್ದಲ್ಲಿ ಮರಿಯನ್ನು ಸಾಕಿ ನೋಡುವುದೇ ನಿಚ್ಚಳವಾದ ಮಾರ್ಗ. ಬೆಳೆದ ಮರಿಗಳನ್ನು ಅವು ದೊರೆತ ದಿಂಡಿನ ಅಥವಾ ಕಾಂಡದ ತುಂಡಿನೊಡನೆ ಅಗಲಬಾಯಿಯ ಭರಣಿಯಲ್ಲಿಟ್ಟು, ತೂತುಗಳಿರುವ ಮುಚ್ಚಳ ಹಾಕಿ, ನೆರಳಿನಲ್ಲಿಡಬೇಕು. ತುಂಡು ಒಣಗಿದಾಗ ಹೊಸದನ್ನು ಕೊಡಬೇಕು. ಒಂದು ಭರಣಿಯಲ್ಲಿ ಹಲವು ದೊಡ್ಡ ಮರಿಗಳನ್ನಿಟ್ಟರೆ ಒಂದನ್ನೊಂದು ಕಚ್ಚಿ ಕೊಲ್ಲುವುದುಂಟು. ಬಟ್ಟೆಯ ಮುಚ್ಚಳವು ತೆಂಗಿನ ಹುಳುವಿಗೆ ಸಾಲದು, ಅದು ಕತ್ತರಿಸಿಕೊಂಡು ಹೊರಡುವುದು.

ಪರೀಕ್ಷೆಗೆ ಕಳುಹಿಸುವುದಾದರೆ ಜೀವಂತ ಹುಳುವನ್ನು ಕಳುಹಿಸಬಾರದು. ದಾರಿಯಲ್ಲಿ ತಪ್ಪಿಸಿಕೊಂಡರೆ ಹೊಸ ಊರಿಗೆ ಹೊಸ ಪೀಡೆಯಾಗುವುದು. ಮರಿಯನ್ನು ನೇರವಾಗಿ ಸ್ಪಿರಿಟಿನಲ್ಲಿ ಹಾಕಿದರೆ ಕಪ್ಪಾಗಿ ಗುರುತುಗಳು ಅಳಿಯುವುವು. ಮೊದಲು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ಅನಂತರ ಸ್ಪಿರಿಟಿನ ಸೀಸೆಯಲ್ಲಿಟ್ಟರೆ ಮೈಯು ಬಿಳುಪಾಗಿ ನೆಟ್ಟಗೆ ಉಳಿಯುವುದು. ತೆಂಗಿನದಾದರೆ 1916ರಲ್ಲಿ ತೆಂಗಿನ ಸಂಶೋಧನೆ ಆರಂಭವಾದ ಕಾಸರಗೋಡಿನ ಕೇಂದ್ರಕ್ಕೂ, ಕಂಗಿನದಾದರೆ 1956ರಲ್ಲಿ ಸ್ಥಾಪನೆಯಾದ ವಿಟ್ಲದ ಕೇಂದ್ರಕ್ಕೂ, ಗೇರಿನದಾದರೆ ಪುತ್ತೂರಿನ ಗೇರು ಸಂಶೋಧನಾ ಕೇಂದ್ರಕ್ಕೂ ಕಳುಹಿಸಬಹುದು. ಮಿಕ್ಕವುಗಳಿಗೆ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರವುಂಟು. ಸೀಸೆಯೊಳಗೆ ಸೀಸದಕಡ್ಡಿಯಿಂದ ಬರೆದ ಚೀಟಿಯನ್ನಿಡಬೇಕು, ಶಾಯಿಯು ಸ್ಪಿರಿಟಿನಲ್ಲಿ ಕರಗುವುದು. ಗ್ರಾಮದ ಹೆಸರು, ದಿನಾಂಕ, ಗಿಡ, ಗಿಡದ ಯಾವ ಭಾಗ, ಕೋಶಕ್ಕೆ ಗೂಡಿತ್ತೋ ಇಲ್ಲವೋ, ಎಷ್ಟು ಗಿಡಗಳಿಗೆ ಬಾಧೆಯಾಗಿದೆ ಎಂಬುದಿಷ್ಟು ಅದರಲ್ಲಿರಲಿ. ಗೂಡು ಸಿಕ್ಕಿದ್ದರೆ ಅದನ್ನು ಸ್ಪಿರಿಟಿನಲ್ಲಿ ಹಾಕದೆ, ಒಳಗಿನ ಕೋಶವನ್ನು ತೆಗೆದು, ಒಣಗಿಸಿ ಬೇರೆ ಕಾಗದದಲ್ಲಿ ಸುತ್ತಿ ಜೊತೆಗಿಡಬೇಕು.